ಭಯ ಹೋಗಲಿ ಎಂದು ಕಾಯಬೇಡಿ, ಅದಕ್ಕೊಂದು ಮೊತ್ತ ಬರೆಯಿರಿ

ಪ್ರಶ್ನೆ: ನನಗೆ 42 ವರ್ಷ, ರಾಜಾಜಿನಗರದಲ್ಲಿ ವಾಸ. ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ 11 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕೈಗೆ 31,000 ರೂಪಾಯಿ ಸಂಬಳ ಬರುತ್ತದೆ. ನಾನು ಮಾಡುವ ಹುಳಿಪುಡಿ, ಸಾರಿನ ಪುಡಿ, ಚಟ್ನಿಪುಡಿಗಳನ್ನು ಸಹೋದ್ಯೋಗಿಗಳು ಮತ್ತು ಅಕ್ಕಪಕ್ಕದವರು ಕೊಳ್ಳುತ್ತಾರೆ. ಕಾಲು ಕಿಲೋಗೆ 120 ರೂಪಾಯಿ ತೆಗೆದುಕೊಳ್ಳುತ್ತೇನೆ, ಖರ್ಚು 75 ಬೀಳುತ್ತದೆ. ಹತ್ತು ಕಿಲೋ ಮಾಡಲು ಏಳು ಗಂಟೆ ಬೇಕು. ಇದನ್ನೇ ವ್ಯಾಪಾರ ಮಾಡಬೇಕೆಂಬ ಆಸೆ ಹಳೆಯದು. ನಮ್ಮ ರಸ್ತೆಯಲ್ಲಿ ಒಂದು ಮಳಿಗೆ ಖಾಲಿ ಇದೆ: ಬಾಡಿಗೆ 18,000, ಮುಂಗಡ 1.8 ಲಕ್ಷ. ಭಾವನವರ ಒತ್ತಾಯಕ್ಕೆ 5,000 ಟೋಕನ್ ಕೊಟ್ಟಿದ್ದೇನೆ. ನನ್ನ ಉಳಿತಾಯ 2.4 ಲಕ್ಷ. ಆದರೆ ತಿಪಟೂರಿನ ಬಳಿ ದಿನಸಿ ಅಂಗಡಿ ಇಟ್ಟಿದ್ದ ನಮ್ಮ ತಂದೆ, ಉದ್ರಿ ವಸೂಲಾಗದೆ, ನೂರಕ್ಕೆ ತಿಂಗಳಿಗೆ ಮೂರರಂತೆ ಕೈಸಾಲ ಮಾಡಿ, ಕೊನೆಗೆ ಅಮ್ಮನ ಒಡವೆ ಮಾರಿ ಅಂಗಡಿ ಮುಚ್ಚಿದರು. ನೆಂಟರು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. ದೊಡ್ಡ ಕಂಪನಿಗಳ ಮುಂದೆ ನಾನು ಯಾರು ಅನ್ನಿಸುತ್ತದೆ. ಯುಪಿಐನಲ್ಲಿ ಹಣ ಪಡೆದರೆ ತೆರಿಗೆ ನೋಟಿಸ್ ಬರುತ್ತದೆ ಎನ್ನುತ್ತಾರೆ. ಮೂರು ವಾರಗಳಿಂದ ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಸೋಲಿನ ಭಯವನ್ನು ಗೆಲ್ಲುವುದು ಹೇಗೆ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಮಳಿಗೆ ಹಿಡಿಯಬೇಡಿ. ಕೆಲಸ ಬಿಡಬೇಡಿ. ಪುಡಿಯ ವ್ಯಾಪಾರವನ್ನು ಮಾತ್ರ ಈ ತಿಂಗಳೇ ಶುರುಮಾಡಿ.

ಸಣ್ಣ ವ್ಯಾಪಾರಿಗಳ ಸಾಲದ ಅರ್ಜಿಗಳನ್ನು ನೋಡುವುದರಲ್ಲೇ ನನ್ನ ವೃತ್ತಿಜೀವನ ಕಳೆದಿದೆ. ಭಯಪಟ್ಟು ಹಿಂದೆ ಸರಿದವರಿಗಿಂತ, ಭಯವನ್ನು ಒತ್ತಿಹಿಡಿದು ನುಗ್ಗಿದವರೇ ಹೆಚ್ಚಾಗಿ ಕೈಸುಟ್ಟುಕೊಂಡದ್ದನ್ನು ಕಂಡಿದ್ದೇನೆ. ಹಾಗಾಗಿ 'ಧೈರ್ಯ ಮಾಡಿ, ಮುನ್ನುಗ್ಗಿ' ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ. ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ವರ್ಷಗಳಿಂದ ಪುಡಿ ಮಾಡಿ ಮಾರುತ್ತಿದ್ದೀರಿ, ಆಗ ನಿದ್ದೆ ಕೆಟ್ಟಿರಲಿಲ್ಲ. ಕೆಟ್ಟಿದ್ದು ಮೂರು ವಾರಗಳಿಂದ. ಟೋಕನ್ ಕೊಟ್ಟದ್ದೂ ಅದೇ ಹೊತ್ತಿಗೆ ಇರಬೇಕು ಎಂದು ನನ್ನ ಊಹೆ. ನಿಮ್ಮ ಭಯ ಪುಡಿಯ ಬಗ್ಗೆ ಅಲ್ಲವೇ ಅಲ್ಲ, ಮಳಿಗೆಯ ಬಗ್ಗೆ. ಲೆಕ್ಕಪತ್ರ ವಿಭಾಗದಲ್ಲಿ ಇಷ್ಟು ವರ್ಷ ಕುಳಿತವರ ಮನಸ್ಸು ಆ ಲೆಕ್ಕ ತಾಳೆಯಾಗುವುದಿಲ್ಲ ಎಂದು ಹೇಳುತ್ತಿದೆ. ಅದು ಹೇಳುತ್ತಿರುವುದು ಸರಿಯಾಗಿಯೇ ಇದೆ. ಬನ್ನಿ, ನೀವೇ ಕೊಟ್ಟ ಅಂಕಿಗಳಿಂದ ನೋಡೋಣ.

ಖರ್ಚು 75 ರೂಪಾಯಿ ಎಂದಿದ್ದೀರಿ. ಅದು ಮೆಣಸಿನಕಾಯಿ, ಧನಿಯ, ಬೇಳೆ, ಮೆಂತ್ಯ, ಇಂಗಿನ ಖರ್ಚು ಮಾತ್ರ ಇರಬೇಕು. ಪೊಟ್ಟಣ ಮತ್ತು ಲೇಬಲ್‌ಗೆ 6, ಗ್ಯಾಸ್ ಮತ್ತು ಗಿರಣಿಗೆ 7, ಜರಡಿಯಲ್ಲಿ ಉಳಿಯುವುದು, ಸೀದುಹೋಗುವುದು, ರುಚಿ ನೋಡಲು ಕೊಡುವುದು ಎಂದು 4 ಸೇರಿಸಿ. ಒಟ್ಟು 92. ನೇರವಾಗಿ ಮಾರಿದರೆ ಪ್ಯಾಕೆಟ್‌ಗೆ 28 ಉಳಿಯುತ್ತದೆ. ಹತ್ತು ಕಿಲೋಗೆ 40 ಪ್ಯಾಕೆಟ್, ಅಂದರೆ ಏಳು ಗಂಟೆಗೆ 1,120 ರೂಪಾಯಿ, ಗಂಟೆಗೆ 160. ನಿಮ್ಮ ಸಂಬಳವನ್ನು ತಿಂಗಳ 26 ದಿನ, ದಿನಕ್ಕೆ ಎಂಟು ಗಂಟೆಯಂತೆ ಭಾಗಿಸಿದರೆ ಗಂಟೆಗೆ ಸುಮಾರು 149. ಹಾಗೆಂದರೆ ನಿಮ್ಮ ಒಲೆಯ ಮುಂದಿನ ಒಂದು ಗಂಟೆ ಈಗಾಗಲೇ ನಿಮ್ಮ ಕಚೇರಿಯ ಒಂದು ಗಂಟೆಗೆ ಸಮನಾಗಿದೆ. ಇದು ಸಣ್ಣ ಸಂಗತಿಯಲ್ಲ. ನನ್ನ ಮುಂದೆ ಬಂದು ಕುಳಿತ ಅನೇಕರ ಬಳಿ ಇಷ್ಟೂ ಇರಲಿಲ್ಲ.

ಈಗ ಮಳಿಗೆ ಸೇರಿಸಿ. ಬಾಡಿಗೆ 18,000. ನೀವು ಒಲೆಯ ಮುಂದಿದ್ದಾಗ ಮಳಿಗೆಯಲ್ಲಿ ಕೂರಲು ಒಬ್ಬರು ಬೇಕು, ಅವರಿಗೆ 14,000 ಎಂದಿಟ್ಟುಕೊಳ್ಳಿ. ವಿದ್ಯುತ್ತು, ಇತರೆ ಎಂದು 2,000. ತಿಂಗಳಿಗೆ 34,000. ಇಷ್ಟನ್ನು 28ರಂತೆ ಗಳಿಸಲು 1,214 ಪ್ಯಾಕೆಟ್ ಮಾರಬೇಕು, ದಿನಕ್ಕೆ 47ರಂತೆ. ಅಷ್ಟು ಪ್ಯಾಕೆಟ್ ಅಂದರೆ ಮೂರು ಕ್ವಿಂಟಲ್ ಪುಡಿ, ನಿಮ್ಮ ವೇಗದಲ್ಲಿ ಸುಮಾರು 210 ಗಂಟೆ ಹುರಿಯುವ, ಪುಡಿ ಮಾಡುವ, ತುಂಬುವ ಕೆಲಸ. ಈಗ ಕಾರ್ಖಾನೆಯಲ್ಲಿ ದುಡಿಯುವಷ್ಟೇ ಹೊತ್ತು ದುಡಿದ ಮೇಲೂ ನಿಮಗೆ ಉಳಿಯುವುದು ಸೊನ್ನೆ. ಈಗಿನ ಸಂಬಳವೂ ದಕ್ಕಬೇಕೆಂದರೆ 2,321 ಪ್ಯಾಕೆಟ್ ಬೇಕು. ಮುಂಗಡ ಕೊಟ್ಟ ಮೇಲೆ ಕೈಯಲ್ಲಿ ಉಳಿಯುವ 60,000, ಮಳಿಗೆಯ ಎರಡು ತಿಂಗಳ ಖರ್ಚಿಗೂ ಸಾಲದು. ಮೂರನೆಯ ತಿಂಗಳು ಬರುವುದೇ ಕೈಸಾಲ. ನಿಮ್ಮ ತಂದೆಯವರ ದಾರಿ ಶುರುವಾಗುವುದು ಅಲ್ಲಿಂದ.

ಈ ಲೆಕ್ಕವನ್ನು ಭಾವನವರ ಮುಂದಿಡಿ. ಅವರು ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ, ಅನುಮಾನವಿಲ್ಲ. ವ್ಯಾಪಾರವೆಂದರೆ ಮೊದಲು ಮಳಿಗೆ, ಬೋರ್ಡು, ಪೂಜೆ ಎಂಬ ಎಣಿಕೆ ನಮ್ಮವರಲ್ಲಿ ಬಹಳ ಗಟ್ಟಿಯಾಗಿ ಬೇರೂರಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಮಾಮೂಲಾಗಿರುವಾಗ ಆ ಎಣಿಕೆ ಎಷ್ಟೋ ಒಳ್ಳೆಯ ಕೈರುಚಿಗಳನ್ನು ಮೊದಲ ವರ್ಷದಲ್ಲೇ ಮುಗಿಸಿಬಿಡುತ್ತದೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ಕಳೆದುಕೊಂಡ ನೂರು ರೂಪಾಯಿ ನಮ್ಮನ್ನು ಕಾಡುವಷ್ಟು, ಗಳಿಸಿದ ನೂರು ರೂಪಾಯಿ ಸಂತೋಷ ಕೊಡುವುದಿಲ್ಲ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದನ್ನು ತೋರಿಸಿಕೊಟ್ಟರು. ಇದು ನಿಮ್ಮೊಬ್ಬರ ದೌರ್ಬಲ್ಯವಲ್ಲ, ಮನುಷ್ಯರ ಮನಸ್ಸು ಇರುವುದೇ ಹಾಗೆ. ಅದನ್ನು ತೆಗೆದುಹಾಕಲು ಹೊರಡುವುದು ವ್ಯರ್ಥ. ನಾನು ಹೆಚ್ಚು ನಂಬುವುದು ಉದ್ಯಮಶೀಲತೆಯನ್ನು ಅಧ್ಯಯನ ಮಾಡಿದ ಸರಸ್ ಸರಸ್ವತಿ ಅವರ ಮಾತನ್ನು. ಅನುಭವಿ ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಎಂದು ಅವರು 27 ಮಂದಿಯನ್ನು ಕೂರಿಸಿ ಕೇಳಿ ಅಭ್ಯಾಸ ಮಾಡಿದರು. 2001ರಲ್ಲಿ ಅವರು ಮಂಡಿಸಿದ ವಿಚಾರದಲ್ಲಿ ಒಂದು ಮುಖ್ಯ ಅಂಶವಿದೆ: ಪಳಗಿದವರು 'ಎಷ್ಟು ಲಾಭ ಬರಬಹುದು' ಎಂದು ಶುರುಮಾಡುವುದಿಲ್ಲ, 'ಎಷ್ಟು ಹೋದರೆ ನನಗೆ ತಡೆದುಕೊಳ್ಳಲು ಆಗುತ್ತದೆ' ಎಂದು ಶುರುಮಾಡುತ್ತಾರೆ. ಲಾಭದ ಅಂದಾಜು ತಪ್ಪಬಹುದು. ಎಷ್ಟು ಕಳೆದುಕೊಳ್ಳಲು ಸಿದ್ಧ ಎಂಬುದನ್ನು ಮಾತ್ರ ನೀವೇ, ಮೊದಲೇ, ನಿಶ್ಚಯ ಮಾಡಬಹುದು.

ನಿಮ್ಮ ಮಟ್ಟಿಗೆ ಆ ಮೊತ್ತ 40,000 ಇರಲಿ ಎಂದು ನನ್ನ ಸಲಹೆ. ಮನೆಯ ಆಪತ್ತಿನ ಹಣಕ್ಕೆ ಕೈಹಾಕದೆ, ಭವಿಷ್ಯನಿಧಿ ಮುಟ್ಟದೆ, ಒಡವೆ ಅಡವಿಡದೆ, ಚೀಟಿ ಎತ್ತದೆ ಕೊಡಬಹುದಾದ ಮೊತ್ತ ಅದು. ಇದನ್ನು ಬೇರೆ ಬ್ಯಾಂಕ್ ಖಾತೆಗೆ ಹಾಕಿ. ವ್ಯಾಪಾರದ ಎಲ್ಲ ಖರ್ಚೂ ಅಲ್ಲಿಂದಲೇ, ಎಲ್ಲ ಜಮೆಯೂ ಅಲ್ಲಿಗೇ. ಆಮೇಲೆ ಒಂದು ಹಾಳೆಯಲ್ಲಿ ಬರೆಯಿರಿ: ಈ ಹಣ ಮುಗಿದರೆ, ಅಥವಾ ಆರು ತಿಂಗಳಲ್ಲಿ ಇಷ್ಟು ಮನೆಗಳು ಮತ್ತೆ ಮತ್ತೆ ಕೊಳ್ಳದಿದ್ದರೆ, ನಿಲ್ಲಿಸುತ್ತೇನೆ. ಮನೆಯವರೂ ಸಹಿ ಹಾಕಲಿ. ನಿಲ್ಲಿಸುವ ಷರತ್ತನ್ನು ಶುರುವಿಗೆ ಮೊದಲೇ ಬರೆದಿಡುವುದು ಅಪಶಕುನ ಎಂದು ಹಲವರು ಹಿಂಜರಿಯುತ್ತಾರೆ. ಆದರೆ ನಿಮ್ಮನ್ನು ರಾತ್ರಿ ಎಬ್ಬಿಸುತ್ತಿರುವುದು ಎಲ್ಲಿಗೆ ಮುಟ್ಟುತ್ತದೋ ಗೊತ್ತಿಲ್ಲದ ನಷ್ಟ. ಎಲ್ಲೆ ಬರೆದ ಮೇಲೆ ಅದು 40,000 ರೂಪಾಯಿಯ ನಷ್ಟ. ದುಃಖವಾಗುತ್ತದೆ, ಮನೆ ಮುಳುಗುವುದಿಲ್ಲ.

ಆ ಎಲ್ಲೆ ನಿಲ್ಲಬೇಕಾದರೆ ಸಾಲ ಇರಬಾರದು. ಒಬ್ಬರೇ ಮಾಲೀಕರಾಗಿ ನಡೆಸುವ ವ್ಯಾಪಾರದಲ್ಲಿ ವ್ಯಾಪಾರದ ಸಾಲಕ್ಕೂ ಸ್ವಂತ ಆಸ್ತಿಗೂ ನಡುವೆ ಕಾನೂನಿನ ಗೋಡೆ ಇಲ್ಲ. ಸಾಲ ಕೊಟ್ಟವರು ನಿಮ್ಮ ಸ್ವಂತ ಹಣದಿಂದಲೂ ವಸೂಲಿಗೆ ಬರಬಹುದು. ಮುದ್ರಾ ಯೋಜನೆಯಲ್ಲಿ 'ಶಿಶು' ವಿಭಾಗದಡಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ, ಅದು ಒಳ್ಳೆಯ ವ್ಯವಸ್ಥೆಯೇ. ಆದರೂ ಜನ ಮತ್ತೆ ಬಂದು ಕೊಳ್ಳುತ್ತಾರೆಂದು ಖಚಿತವಾದ ಮೇಲೆ, ಹುರಿಯುವ ಯಂತ್ರಕ್ಕೋ ಪುಡಿ ಮಾಡುವ ಯಂತ್ರಕ್ಕೋ ಅದನ್ನು ತೆಗೆದುಕೊಳ್ಳಿ. ಮಾರಾಟವಾಗುತ್ತದೆಯೇ ಎಂದು ಪರೀಕ್ಷಿಸಲು ಸಾಲ ಬೇಡ. ಸಹಾಯಧನದ ಯೋಜನೆ ಇದೆ ಎಂಬ ಒಂದೇ ಕಾರಣಕ್ಕೂ ಶುರುಮಾಡಬೇಡಿ.

ತಂದೆಯವರ ವಿಷಯ ನಿಮ್ಮ ಪತ್ರದಲ್ಲಿ ಬಹಳ ಭಾರವಾಗಿ ಕೂತಿದೆ. ಅವರ ಅಂಗಡಿಗೆ ಏನಾಯಿತು ಎಂಬುದನ್ನು ನೀವೇ ಸ್ಪಷ್ಟವಾಗಿ ಬರೆದಿದ್ದೀರಿ: ಉದ್ರಿ ವಸೂಲಾಗಲಿಲ್ಲ, ನೂರಕ್ಕೆ ಮೂರರ ಬಡ್ಡಿ. ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ 36. ದಿನಸಿಯಲ್ಲಿ ಅಷ್ಟು ಲಾಭ ತೆಗೆದು ಬಡ್ಡಿ ಕಟ್ಟಿ ಬದುಕುವುದು ಯಾರಿಂದಲೂ ಕಷ್ಟ. ಅವರು ಸೋತದ್ದು ಎರಡು ನಿರ್ದಿಷ್ಟ ಕಾರಣಗಳಿಗೆ. ಅವು ರಕ್ತದಲ್ಲಿ ಹರಿದುಬರುವಂಥವಲ್ಲ. ನಿಮ್ಮ ವ್ಯಾಪಾರದಲ್ಲಿ ಉದ್ರಿ ಇಲ್ಲ, ಕೈಸಾಲ ಇಲ್ಲ ಎಂದು ಆ ಹಾಳೆಯಲ್ಲೇ ಬರೆದುಬಿಡಿ. ಅಕ್ಕಪಕ್ಕದವರಿಗೂ ಉದ್ರಿ ಬೇಡ, ನೆಂಟರಿಗಂತೂ ಬೇಡವೇ ಬೇಡ.

ಅವರು ಇದ್ದರೆ ದಯವಿಟ್ಟು ಹೋಗಿ ಮಾತಾಡಿಸಿ. ಅಂಗಡಿ ಯಾಕೆ ಮುಚ್ಚಿತು ಎಂದು ಕೇಳಬೇಡಿ, ಹೇಗೆ ನಡೆಸುತ್ತಿದ್ದಿರಿ ಎಂದು ಕೇಳಿ. ತಿಪಟೂರು ಸೀಮೆಯಲ್ಲಿ ದಿನಸಿ ಅಂಗಡಿ ಇಟ್ಟವರಿಗೆ ಕೊಬ್ಬರಿಯ ಗುಣ ಕೈಯಲ್ಲಿ ಹಿಡಿದರೇ ತಿಳಿಯುತ್ತದೆ. ಯಾವ ತಿಂಗಳು ಬೇಳೆ ಅಗ್ಗ, ಯಾವ ಧನಿಯದಲ್ಲಿ ಕಡ್ಡಿ ಹೆಚ್ಚು, ತೂಕದಲ್ಲಿ ಎಲ್ಲಿ ಮೋಸವಾಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅಂಗಡಿ ಮುಚ್ಚಿದ ಮೇಲೆ ಅವರನ್ನು ಯಾರೂ ಈ ಪ್ರಶ್ನೆಗಳನ್ನು ಕೇಳಿರಲಿಕ್ಕಿಲ್ಲ. ನಿಮಗೆ ಅವರ ಉತ್ತರ ಬೇಕಾಗಿದೆ, ಅವರಿಗೂ ಯಾರಾದರೂ ಕೇಳಬೇಕಾಗಿದೆ ಎಂದು ನನಗನ್ನಿಸುತ್ತದೆ.

ನೆಂಟರ ಮಾತಿನ ಭಯಕ್ಕೆ ನನ್ನ ಬಳಿ ಇರುವುದು ತೀರಾ ಸರಳ ಉಪಾಯ: ಯಾರಿಗೂ ಹೇಳಬೇಡಿ. ಉದ್ಘಾಟನೆ, ಆಹ್ವಾನಪತ್ರ, ಬಾಳೆಕಂಬ ಏನೂ ಬೇಡ. ದೇವರಿಗೆ ಮನೆಯಲ್ಲೇ ಕೈಮುಗಿದು ಒಲೆ ಹಚ್ಚಿ. ಊರಿಗೆಲ್ಲ ಸಾರಿ ತೆರೆದದ್ದನ್ನು ಊರೆದುರಿಗೇ ಮುಚ್ಚಬೇಕಾಗುತ್ತದೆ. ಸದ್ದಿಲ್ಲದೆ ಶುರುವಾದದ್ದನ್ನು ತಿದ್ದಬಹುದು, ರುಚಿ ಬದಲಿಸಬಹುದು, ಬೆಲೆ ಬದಲಿಸಬಹುದು, ಬೇಕಾದರೆ ನಿಲ್ಲಿಸಬಹುದು, ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಪರೀಕ್ಷೆ ಮಾಡುವ ಕ್ರಮ ಹೀಗಿರಲಿ. ವಾರಕ್ಕೊಂದು ಸಲ, ರಜೆಯ ದಿನ, ಹತ್ತು ಕಿಲೋ ಮಾತ್ರ. ಮೊದಲ ಮೂರು ತಿಂಗಳು ಸಾರಿನ ಪುಡಿ ಮತ್ತು ಹುಳಿಪುಡಿ ಎರಡೇ, ಅದರಲ್ಲೂ ಕೊಬ್ಬರಿ ಹಾಕದ ಬಗೆ. ಕೊಬ್ಬರಿಯ ಎಣ್ಣೆಯಂಶ ಬೇಗ ಕಮಟು ವಾಸನೆಗೆ ತಿರುಗುವುದರಿಂದ ಚಟ್ನಿಪುಡಿಯನ್ನು ಹೆಚ್ಚು ದಿನ ಇಡಲಾಗದು, ವಾಪಸು ಬಂದರೆ ನಷ್ಟವೆಲ್ಲ ನಿಮ್ಮದೇ. ಪ್ರತಿ ಸಲ ಮಾಡಿದ್ದರಲ್ಲಿ ಕೆಲವು ಪ್ಯಾಕೆಟ್‌ಗಳನ್ನು ದಿನಾಂಕ ಬರೆದು ಕಪಾಟಿನಲ್ಲಿಟ್ಟು ತಿಂಗಳಿಗೊಂದರಂತೆ ಒಡೆದು ಮೂಸಿ, ಅಡುಗೆ ಮಾಡಿ ನೋಡಿ. ಎಷ್ಟು ದಿನ ಬಾಳುತ್ತದೆ ಎಂಬ ಮೊದಲ ಅಂದಾಜು ಹೀಗೆ ಸಿಗುತ್ತದೆ. ಮುಂದೆ ಚಟ್ನಿಪುಡಿಗೆ ಕೈಹಾಕುವಾಗ ಮೈಸೂರಿನ ಸಿಎಫ್‌ಟಿಆರ್‌ಐ ನಡೆಸುವ ಕಿರು ಅವಧಿಯ ತರಬೇತಿಗಳನ್ನು ವಿಚಾರಿಸಿ. 1950ರಿಂದ ಆಹಾರ ಸಂಸ್ಕರಣೆಯನ್ನೇ ಉಸಿರಾಡುತ್ತಿರುವ ಸಂಸ್ಥೆ ಅದು.

ಯಾರಿಗೆ ಮಾರುತ್ತೀರಿ ಎಂಬುದು ಇನ್ನೂ ಮುಖ್ಯ. ಸಹೋದ್ಯೋಗಿಗಳು ಕೊಳ್ಳುತ್ತಾರೆ ಎಂಬುದನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ನಮ್ಮಲ್ಲಿ ದಾಕ್ಷಿಣ್ಯ ಬಹಳ. ಎದುರಿಗೆ ಕೂರುವವರು ಪುಡಿ ತಂದರೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಹಾಗಾಗಿ ನಿಮ್ಮ ಪರಿಚಯವೇ ಇಲ್ಲದ 60 ಮನೆಗಳು ಬೇಕು. ರಾಜಾಜಿನಗರ, ಮಲ್ಲೇಶ್ವರ, ಯಶವಂತಪುರದ ಅಪಾರ್ಟ್‌ಮೆಂಟ್‌ಗಳಲ್ಲಿ ವಾರಾಂತ್ಯದ ಸಂತೆ ನಡೆದರೆ ಮೇಜು ಹಾಕಲು ಅವಕಾಶ ಕೇಳಿ. ಒಂದು ಪಾತ್ರೆ ಬಿಸಿ ಸಾರು ಇಟ್ಟುಕೊಂಡು ಲೋಟಕ್ಕೆ ಹಾಕಿಕೊಡಿ. ಮೊದಲ ಸಲ ಕೊಂಡವರನ್ನು ಎಣಿಸಬೇಡಿ. ಎರಡು ತಿಂಗಳೊಳಗೆ ತಾವಾಗಿಯೇ ಕರೆ ಮಾಡಿ ಎರಡನೆಯ ಪ್ಯಾಕೆಟ್ ಕೇಳಿದವರನ್ನು ಎಣಿಸಿ. 60ರಲ್ಲಿ 30 ಮನೆ ದಾಟಿದರೆ ನಿಮ್ಮ ಬಳಿ ವ್ಯಾಪಾರವಿದೆ. ಹತ್ತರ ಆಸುಪಾಸಿನಲ್ಲಿ ನಿಂತರೆ ರುಚಿಯನ್ನೋ ಬೆಲೆಯನ್ನೋ ತಿದ್ದಬೇಕು.

ಬೆಲೆಯ ಮಾತು ಬಂತು. ನೀವು 120ಕ್ಕೆ ಮಾರುತ್ತಿರುವುದು ಭಯದ ಬೆಲೆ. ನಾಳೆ ಒಂದು ಅಂಗಡಿಯವರು ನಿಮ್ಮ ಪುಡಿ ಇಟ್ಟುಕೊಂಡು ನೂರಕ್ಕೆ 20ರಂತೆ ಕೇಳಿದರೆ 24 ಅವರಿಗೆ ಹೋಗುತ್ತದೆ. ನಿಮಗೆ ಉಳಿಯುವುದು 4 ರೂಪಾಯಿ, ಅಂದರೆ ಗಂಟೆಗೆ 23. ಅಂಗಡಿಗಳ ಮೂಲಕ ಬೆಳೆಯಬೇಕೆಂದಿದ್ದರೆ ಬೆಲೆ 150 ಇರಲೇಬೇಕು. ಆಗ ಅಂಗಡಿಯವರಿಗೆ 30 ಕೊಟ್ಟ ಮೇಲೂ ನಿಮ್ಮ 28 ನಿಮಗಿರುತ್ತದೆ. ಆದ್ದರಿಂದ ಆ 60 ಮನೆಗಳಿಗೆ ಮೊದಲ ದಿನದಿಂದಲೇ 150 ಹೇಳಿ. ಗಂಟಲು ಕಟ್ಟಿದಂತಾಗುತ್ತದೆ, ಗೊತ್ತು. ಬೆಲೆ ಹೇಳುವಾಗಿನ ಆ ಅಳುಕು ಸೋಲಿನ ಭಯದ ಇನ್ನೊಂದು ರೂಪ, ವ್ಯಾಪಾರವನ್ನು ಸದ್ದಿಲ್ಲದೆ ತಿನ್ನುವುದು ಅದೇ. ಮೆಣಸಿನಕಾಯಿಯ ಧಾರಣೆಯೂ ಒಂದೇ ಸಮ ಇರುವುದಿಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಲೆ ಕುಸಿದು ರೈತರು ರೊಚ್ಚಿಗೆದ್ದದ್ದು ನಿಮಗೆ ನೆನಪಿರಬಹುದು. ಕುಸಿಯುವಂತೆಯೇ ಏರುವುದೂ ಉಂಟು, ಆ ಏರಿಕೆಯನ್ನು ತಡೆದುಕೊಳ್ಳುವ ಜಾಗ ನಿಮ್ಮ ಬೆಲೆಯಲ್ಲಿ ಇರಬೇಕು.

ದೊಡ್ಡ ಕಂಪನಿಗಳ ಮುಂದೆ ನಾನು ಯಾರು ಎಂದಿದ್ದೀರಿ. ನಮ್ಮೂರಿನ ಎಂಟಿಆರ್ 1924ರಲ್ಲಿ ಶುರುವಾದದ್ದು ಹೋಟೆಲ್ ಆಗಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಗೆ ಸರ್ಕಾರ ಕಟ್ಟಿದ ಬೆಲೆ ಗಿಟ್ಟದೆ ಹೋಟೆಲ್ ಮುಚ್ಚಬೇಕಾಯಿತು. ಪುಡಿ ಮತ್ತು ಸಿದ್ಧ ಮಿಶ್ರಣಗಳ ವ್ಯಾಪಾರ ಬಲಿತದ್ದು ಆ ಇಕ್ಕಟ್ಟಿನಲ್ಲಿ. ಇದನ್ನು ನಿಮಗೆ ಹುರುಪು ತುಂಬಲು ಹೇಳುತ್ತಿಲ್ಲ. ಗೆದ್ದವರ ಕಥೆಗಳನ್ನು ನೀವು ಆರು ತಿಂಗಳು ಓದದಿದ್ದರೇ ಒಳ್ಳೆಯದು, ಅದೇ ದಾರಿಯಲ್ಲಿ ಸೋತವರ ಕಥೆಯನ್ನು ಯಾರೂ ಅಚ್ಚು ಹಾಕುವುದಿಲ್ಲ. ನಾನು ಹೇಳಹೊರಟದ್ದು ಬೇರೆ. ದೊಡ್ಡ ಕಂಪನಿ ಇಡೀ ದೇಶಕ್ಕೆ ಒಪ್ಪುವ ಒಂದೇ ರುಚಿ ಮಾಡಬೇಕು. ತೆಂಗಿನೆಣ್ಣೆಯಲ್ಲಿ ಹುರಿದ ಕರಾವಳಿಯ ಹುಳಿಪುಡಿ ಬೇರೆ, ಚಕ್ಕೆ ಲವಂಗ ಬೀಳುವ ಮನೆಗಳದ್ದು ಬೇರೆ, ನಿಮ್ಮ ತಿಪಟೂರಿನದು ಬೇರೆ. ನಿಮ್ಮ ಊರಿನ ರುಚಿಯನ್ನು ಹುಡುಕುತ್ತಿರುವ ಕೆಲವು ನೂರು ಮನೆಗಳು ಬೆಂಗಳೂರಿನಲ್ಲಿ ಇದ್ದೇ ಇವೆ. ನಿಮಗೆ ಅಷ್ಟೇ ಸಾಕು, ದೊಡ್ಡ ಕಂಪನಿಗೆ ಅಷ್ಟು ಚಿಕ್ಕದಾಗಲು ಆಗುವುದಿಲ್ಲ.

ನೋಟಿಸ್ ಭಯಕ್ಕೆ ಕಾರಣವಿದೆ, ಆದರೆ ಅದು ನಿಮ್ಮ ಮಟ್ಟದ ವ್ಯಾಪಾರಕ್ಕೆ ತಟ್ಟುವಂಥದ್ದಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಚೀಟಿ ಕಾಣಿಸಿತು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ವರ್ಷದ ವಹಿವಾಟು 40 ಲಕ್ಷ ದಾಟಿದಾಗ. ನೀವು ತಿಂಗಳಿಗೆ 160 ಪ್ಯಾಕೆಟ್ 150ರಂತೆ ಮಾರಿದರೂ ವರ್ಷಕ್ಕೆ 2.88 ಲಕ್ಷ. ನಿಶ್ಚಿಂತೆಯಿಂದ ಯುಪಿಐ ಪಡೆಯಿರಿ, ಬೇರೆ ಖಾತೆಯಲ್ಲಿ ಪಡೆಯಿರಿ, ಬಂದ ಲಾಭವನ್ನು ಆದಾಯ ತೆರಿಗೆ ವಿವರದಲ್ಲಿ ತೋರಿಸಿ.

ನಿಜಕ್ಕೂ ಬೇಕಾದ ಕಾಗದ ಆಹಾರ ಸುರಕ್ಷತಾ ಪ್ರಾಧಿಕಾರದ್ದು. ಸಣ್ಣ ತಯಾರಕರ ನೋಂದಣಿಯ ಶುಲ್ಕ ವರ್ಷಕ್ಕೆ 100 ರೂಪಾಯಿ. ಅಲ್ಲಿ ಸಿಗುವ 14 ಅಂಕಿಯ ಸಂಖ್ಯೆ ಪ್ಯಾಕೆಟ್ ಮೇಲೆ ಇರಬೇಕು. ಜೊತೆಗೆ ಪದಾರ್ಥಗಳು, ತೂಕ, ಬೆಲೆ, ತಯಾರಿಸಿದ ದಿನ, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು. ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಿಸಿಕೊಳ್ಳುವ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯೂ ಪಡೆಯುವುದಿಲ್ಲ, ಮಾಡಿಸಿಕೊಡುತ್ತೇವೆ ಎಂದು ಹಣ ಕೇಳುವವರಿಂದ ದೂರವಿರಿ. ನಿಮ್ಮ ನೇಮಕಾತಿ ಪತ್ರದಲ್ಲಿ ಬೇರೆ ವ್ಯವಹಾರ ಮಾಡಬಾರದೆಂಬ ಷರತ್ತಿದೆಯೇ ಎಂದು ಓದಿಕೊಳ್ಳಿ, ಇದ್ದರೆ ಲಿಖಿತ ಅನುಮತಿ ಕೇಳಿ.

ನಿದ್ದೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಮಳಿಗೆ ಬೇಡವೆಂದು ತೀರ್ಮಾನಿಸಿ ಎರಡು ವಾರವಾದರೂ ನಡುರಾತ್ರಿಯ ಎಚ್ಚರ, ಎದೆಬಡಿತ, ಊಟ ಸೇರದಿರುವುದು ಮುಂದುವರಿದರೆ ಅದು ವ್ಯಾಪಾರದ ಸಲಹೆಗಾರರು ಬಗೆಹರಿಸುವ ಮಾತಲ್ಲ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ನಮ್ಮ ನಿಮ್ಹಾನ್ಸ್‌ನ ಮಾರ್ಗದರ್ಶನದಲ್ಲಿ 2022ರಿಂದ ನಡೆಯುತ್ತಿರುವ ಉಚಿತ ಸೇವೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಟೋಕನ್. ಮಳಿಗೆಯ ಮಾಲೀಕರಿಗೆ ಈ ವಾರವೇ ಕರೆ ಮಾಡಿ ಬೇಡವೆಂದು ತಿಳಿಸಿ, ಹಣ ವಾಪಸು ಕೇಳಿ. ಕೊಡುವುದಿಲ್ಲ ಎಂದರೂ ಮಾತು ಬದಲಿಸಬೇಡಿ. 5,000 ಹೋಗುತ್ತದೆ ಎಂಬ ಕಾರಣಕ್ಕೆ 1.8 ಲಕ್ಷ ಸಿಕ್ಕಿಸಬಾರದು. ಅದು ಹೋದರೆ ಹೊಸ ಖಾತೆಯ ಲೆಕ್ಕದ ಮೊದಲ ಸಾಲಿನಲ್ಲಿ ಅದನ್ನೇ ಖರ್ಚೆಂದು ಬರೆಯಿರಿ. ಆಗ ನಿಮ್ಮ 40,000ದಲ್ಲಿ 35,000 ಉಳಿದಿರುತ್ತದೆ. ಮೊದಲ ನಾಲ್ಕು ವಾರಗಳ ಸಾಮಾನಿಗೆ 12,000 ತೆಗೆದಿಟ್ಟರೂ ತಕ್ಕಡಿ, ಸೀಲ್ ಮಾಡುವ ಯಂತ್ರ, ಪೊಟ್ಟಣ, ಲೇಬಲ್ ಎಲ್ಲವೂ ಉಳಿದದ್ದರಲ್ಲಿ ಆಗುತ್ತದೆ.